ಒಣ ಹೊಟ್ಟಿನ ಮೇಲೆ ಕಾಮನಬಿಲ್ಲು

ನವೆಂಬರ್ ತಿಂಗಳ ಮೊದಲ ವಾರ. ಮುಸುಕಿನ ಜೋಳದ ಕಟಾವು ಮುಕ್ಕಾಲು ಮುಗಿದಿತ್ತು. ಆ ದಿನಗಳಲ್ಲಿ ನಮ್ಮ ಕಡೆ ಯಾರೂ ಯಾರನ್ನೂ ‘ಚೆನ್ನಾಗಿದ್ದೀರಾ’ ಎಂದು ಕೇಳುವುದಿಲ್ಲ. ‘ಎಷ್ಟಕ್ಕೆ ಇಳೀತು?’ ಎಂದು ಕೇಳುತ್ತಾರೆ. ಜೋಳದ ಕಾಳಿನಲ್ಲಿ ತೇವ ನೂರಕ್ಕೆ ಎಷ್ಟು ಉಳಿದಿದೆ ಎಂದು ಅದರ ಅರ್ಥ. ಹೊಲದಿಂದ ಬರುವಾಗ ಇಪ್ಪತ್ತೆರಡು ಇರುತ್ತದೆ, ಅದನ್ನು ಹದಿನೈದಕ್ಕೆ ಇಳಿಸಿ ಕಣಜಕ್ಕೆ ತುಂಬಬೇಕು. ಇಳಿಸದೆ ತುಂಬಿದರೆ ಬೂಷ್ಟು. ಅದಕ್ಕಾಗಿ ಪ್ರತಿ ಮನೆಯ ಹಿತ್ತಿಲಲ್ಲೂ ಒಣಗಿಸುವ ಫ್ಯಾನು ಹಗಲಿರುಳು ಮೊರೆಯುತ್ತಿರುತ್ತದೆ, ನಾವು ಆ ಸದ್ದಿನ ಮೇಲೆ ದನಿ ಎತ್ತಿ ಮಾತಾಡುತ್ತಿರುತ್ತೇವೆ.

ಅಂದು ಬೆಳಿಗ್ಗೆ ನನ್ನ ಗಂಡ ಡ್ವೇನ್ ಕಣಜದ ಏಣಿ ಹತ್ತಿದ್ದ. ನಾನು ಅಡಿಗೆಮನೆಯ ಮೇಜಿನ ಮುಂದೆ ಕೂತು ಒಂದು ಅಂಚೆ ಕಾರ್ಡಿನ ಮೇಲೆ ಸುಳ್ಳು ಬರೆಯುತ್ತಿದ್ದೆ.

ನನ್ನ ಹೆಸರು ಲವಾನ್ ಟ್ವೇಟ್. ಮಿನೆಸೋಟದ ದಕ್ಷಿಣದಲ್ಲಿ ಇದೇ ಹೊಲಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾಯಿತು. ಕರು, ಕುರಿಮರಿ, ಕೋಳಿಮರಿ ಸಾಕುವುದರಲ್ಲಿ ನನ್ನ ಕೈ ಒಳ್ಳೆಯದು ಎಂದು ಸುತ್ತಲಿನವರು ಹೇಳುತ್ತಾರೆ. ಸಾಯುತ್ತದೆ ಎಂದು ಬಿಟ್ಟ ಮರಿಯನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿಕೊಂಡು ನನ್ನ ಬಾಗಿಲಿಗೆ ಬರುತ್ತಾರೆ. ಬಂದವರಿಗೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು: ಬೆಚ್ಚಗಿಡಿ, ಒಣಗಿಸಿಡಿ. ಒದ್ದೆ ಹಾಸಿಗೆಯಲ್ಲಿ ಮಲಗಿದ ಮರಿ ಬೆಳಗಿನವರೆಗೆ ಉಳಿಯುವುದಿಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದ್ದೆನೆಂದರೆ, ಇದು ತಪ್ಪಾಗುವ ಜೀವವೂ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಎರಡು ವರ್ಷದ ಹಿಂದೆ ಹಸುಗಳನ್ನು ಮಾರಿದೆವು. ಬೆಳಿಗ್ಗೆ ಐದಕ್ಕೆ ಎದ್ದು ಮಾಡುವುದಕ್ಕೆ ಕೆಲಸವಿರಲಿಲ್ಲ. ಎದ್ದು ಸುಮ್ಮನೆ ಕಿಟಕಿ ನೋಡುತ್ತಿದ್ದೆ.

ಆ ಕಾರ್ಡಿಗೆ ಹಿಂದಿನ ತಿಂಗಳು, ಅಕ್ಟೋಬರಿನಲ್ಲಿ, ಜಾತ್ರೆ ಮೈದಾನದ ದೊಡ್ಡ ಸಭಾಂಗಣದಲ್ಲಿ ಹಾವು, ಹಲ್ಲಿ, ಆಮೆ ಸಾಕುವವರ ಮಾರಾಟ ಮೇಳ ನಡೆಯಿತು. ಊಟದ ಅಂಗಡಿ ನಮ್ಮ ಚರ್ಚಿನ ಹೆಂಗಸರದು. ನಾನು ಆರು ಸೇಬಿನ ಪೈ ಮಾಡಿಕೊಂಡು ಹೋಗಿದ್ದೆ. ಮಧ್ಯಾಹ್ನದ ಜನ ಕರಗಿದ ಮೇಲೆ ಒಂದು ಸುತ್ತು ಹೋದೆ. ಮೂಲೆಯ ಮೇಜಿನ ಹಿಂದೆ ಎಮಿಲ್ ಹವ್ರಾನೆಕ್ ಎಂಬ ಮುದುಕರು ಕೂತಿದ್ದರು. ಶಾಲಾ ಬಸ್ಸು ರಿಪೇರಿ ಮಾಡಿ ನಿವೃತ್ತರಾದವರು. ಅವರ ಮುಂದಿನ ಸಣ್ಣ ಡಬ್ಬಿಯಲ್ಲಿ ಒಂದು ಹಾವಿನ ಮರಿ ಇತ್ತು. ಪೆನ್ಸಿಲ್ ದಪ್ಪ, ಮೊಳದುದ್ದ, ಇಟ್ಟಿಗೆ ಬಣ್ಣದ ಮೈಮೇಲೆ ಕಪ್ಪು ಬಳೆಗಳು. ಅವರು ಡಬ್ಬಿಯನ್ನು ಸ್ವಲ್ಪ ಓರೆ ಮಾಡಿದರು. ದೀಪದ ಬೆಳಕು ಬಿದ್ದದ್ದೇ ಅದರ ಬೆನ್ನಿನುದ್ದಕ್ಕೂ ನೀಲಿ, ಹಸಿರು, ನೇರಳೆ ಹರಿದು ಹೋಯಿತು. ಎಣ್ಣೆ ಬಿದ್ದ ನೀರಿನ ಮೇಲೆ ಬಿಸಿಲು ಬೀಳುತ್ತದಲ್ಲ, ಹಾಗೆ.

“ಇದಕ್ಕೆ ಕಾಮನಬಿಲ್ಲಿನ ಬೋವಾ ಅಂತಾರೆ,” ಎಂದರು. “ವಿಷ ಇಲ್ಲ. ಮೊದಲು ಹಾವು ಸಾಕಿದ್ದೀರಾ, ಅಮ್ಮ?”

“ನಲವತ್ತು ವರ್ಷದಿಂದ ಜೀವ ಇರೋದನ್ನೇ ಸಾಕ್ತಾ ಬಂದಿದ್ದೀನಿ. ಒಂದು ಚಳಿಗಾಲ ಒಲೆ ಗೂಡಲ್ಲಿಟ್ಟು ಕುರಿಮರಿ ಬದುಕಿಸಿದ್ದೀನಿ.”

“ಅದು ಸರಿ. ಹಾವು?”

“ಹಾವೇನು ಕರುಗಿಂತ ಕಷ್ಟಾನಾ?”

ಅವರು ಡಬ್ಬಿಯನ್ನು ಮೇಜಿನ ಮೇಲಿಟ್ಟರು. ನಿಧಾನವಾಗಿ ಒಂದೊಂದೇ ಹೇಳಿದರು. ಇದು ಕಾಡಿನಿಂದ ಹಿಡಿದು ತಂದದ್ದಲ್ಲ, ತಮ್ಮ ಮನೆಯಲ್ಲೇ ಹುಟ್ಟಿದ್ದು, ಬೇಕಿದ್ದರೆ ತಾಯಿಯನ್ನು ನೋಡಬಹುದು. ಮೂರು ಸಲ ಇಲಿಮರಿ ತಿಂದಿದೆ, ತಾರೀಖು ಚೀಟಿಯಲ್ಲಿದೆ. ಬೆಳೆದರೆ ನಿಮಗಿಂತ ಉದ್ದವಾಗುತ್ತದೆ.

“ನಿಮಗೀಗ ಎಷ್ಟು ವಯಸ್ಸು?”

“ಅರವತ್ತೊಂದು.”

“ನಿಮಗೆ ಎಂಬತ್ತಾದಾಗ್ಲೂ ಇದು ಇರುತ್ತೆ. ಯೋಚ್ನೆ ಮಾಡಿ. ಮನೆ ಸಿದ್ಧ ಇದೆಯಾ ಇದಕ್ಕೆ? ಇಲ್ದಿದ್ರೆ ಹೇಳಿ, ನಾನೇ ಇಟ್ಕೊಂಡಿರ್ತೀನಿ. ಮೊದಲು ಮನೆ ಮಾಡಿ, ಎರಡು ವಾರ ಖಾಲಿ ಮನೆ ನಡೆಸಿ ನೋಡಿ. ಆಮೇಲೆ ಹಾವು.”

“ಸಿದ್ಧ ಇದೆ,” ಎಂದೆ. ಏನೂ ಇರಲಿಲ್ಲ.

“ಗಾಳೀಲಿ ತೇವ ಎಂಬತ್ತರ ಹತ್ರ ಇರ್ಬೇಕು. ಅದೊಂದು ಮರೀಬೇಡಿ.”

ನಾನು ತಲೆಯಾಡಿಸಿದೆ. ಒಳಗೇ ನಕ್ಕೆ. ಬಸ್ಸಿನ ಕೆಳಗೆ ಮಲಗಿ ಆಯುಷ್ಯ ಕಳೆದವರಿಗೆ ಮರಿಗಳ ಹಾಸಿಗೆಯ ವಿಷಯ ಏನು ಗೊತ್ತು ಅಂದುಕೊಂಡೆ. ಅವರು ಎರಡು ಪುಟದ ಸೂಚನೆ ಕೊಟ್ಟರು. ಜೊತೆಗೆ ತಮ್ಮ ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಒಂದು ಖಾಲಿ ಕಾರ್ಡು.

“ಮೊದಲ ಸಲ ಪೊರೆ ಬಿಟ್ಟಾಗ ಬರೆದು ಹಾಕಿ. ಒಂದೇ ತುಂಡಾಗಿ ಬಂತಾ, ಚೂರುಚೂರಾಗಿ ಬಂತಾ, ಅಷ್ಟು ಸಾಕು. ನನ್ನ ಹತ್ರ ತಗೊಂಡವರೆಲ್ಲ ನನಗೆ ಒಂದು ಕಾರ್ಡು ಬಾಕಿ.”

ಮನೆಗೆ ತಂದೆ. ಸೂಚನೆಯ ಕಾಗದವನ್ನು ಬ್ರೆಡ್ಡಿನ ಡಬ್ಬಿಯ ಕೆಳಗಿಟ್ಟೆ. ಅದು ಅಲ್ಲೇ ಉಳಿಯಿತು.

ನೆಲಮಾಳಿಗೆಯಲ್ಲಿದ್ದ ಹಳೆಯ ಮೀನಿನ ತೊಟ್ಟಿಯನ್ನು ಅಡಿಗೆಮನೆಗೆ ತಂದೆ, ಮೇಲೆ ಜಾಲರಿ ಮುಚ್ಚಳ. ಕೋಳಿಮರಿಗಳಿಗೆ ಹಚ್ಚುವ ಕೆಂಪು ಬಲ್ಬನ್ನು ಜಾಲರಿಯ ಮೇಲೆ ಇಳಿಬಿಟ್ಟೆ. ಒಳಗೆ ನಾಲ್ಕು ಬೆರಳು ಮರದ ಹೊಟ್ಟು ಹರಡಿದೆ. ಒಂದು ತಟ್ಟೆ ನೀರು ಇಟ್ಟೆ. ಚಳಿಯಾಗಬಾರದೆಂದು ಬಿಸಿಗಾಳಿ ಬರುವ ಕಿಂಡಿಯ ಪಕ್ಕಕ್ಕೇ ತೊಟ್ಟಿಯನ್ನು ಸರಿಸಿದೆ.

ಡ್ವೇನ್ ಟೋಪಿ ತೆಗೆಯದೆ ನಿಂತು ನೋಡಿದ.

“ದುಡ್ಡು ಕೊಟ್ಟು ಹಗ್ಗ ತಂದಿದ್ದೀಯ. ಕೊಟ್ಟಿಗೇಲಿ ಬೇಕಾದಷ್ಟಿತ್ತಲ್ಲ.”

“ಹಾಸಿಗೆ ಹೇಗಿದೆ ಹೇಳು.”

ಅವನು ಜೋಳದ ತೇವ ಅಳೆಯುವ ಯಂತ್ರ ತಂದು ಅದಕ್ಕೆ ಒಂದು ಹಿಡಿ ಹೊಟ್ಟು ಹಾಕಿದ. ಮುಳ್ಳು ನೋಡಿ ಹುಬ್ಬೇರಿಸಿದ. “ಹತ್ತು. ನನ್ನ ಜೋಳಕ್ಕಿಂತ ಒಣಗಿದೆ. ನಿನ್ನ ಹಗ್ಗಕ್ಕೆ ಇನ್ನೇನು ಬೇಕು?”

ನನಗೆ ಹೆಮ್ಮೆಯಾಯಿತು. ಅದನ್ನು ಇಲ್ಲಿ ಬರೆಯುವುದಕ್ಕೆ ಇಂದಿಗೂ ಕೈ ಹಿಂಜರಿಯುತ್ತದೆ.

ಮೊದಲ ವಾರವೇ ಚರ್ಚಿನ ಹೆಂಗಸರನ್ನು ಕರೆದು ತೋರಿಸಿದೆ. ಎತ್ತಿ ಅವರ ಮುಂದೆ ಹಿಡಿದೆ. ಹೊಸ ಮನೆಗೆ ಬಂದ ಮರಿಯನ್ನು ಎರಡು ವಾರ ಮುಟ್ಟಬಾರದು ಎಂದು ಬ್ರೆಡ್ಡಿನ ಡಬ್ಬಿಯ ಕೆಳಗೆ ಬರೆದಿತ್ತು. ಅದು ಎರಡು ಸಲ ಕಚ್ಚಿತು. ಗುಲಾಬಿ ಮುಳ್ಳು ಚುಚ್ಚಿದಷ್ಟು. ಒಂದು ಇಲಿಮರಿ ತಿಂದಿತು, ಆಮೇಲೆ ತಲೆ ತಿರುಗಿಸಿತು.

ಎರಡನೇ ವಾರದಿಂದ ಅದು ನೀರಿನ ತಟ್ಟೆಯಲ್ಲೇ ಸುರುಳಿ ಸುತ್ತಿ ಕೂರತೊಡಗಿತು. ಬೆಳಿಗ್ಗೆ ನೋಡಿದರೂ ಅಲ್ಲೇ, ಸಂಜೆ ನೋಡಿದರೂ ಅಲ್ಲೇ. ಕೋಳಿಮರಿ ನೀರಿನ ತಟ್ಟೆಗೆ ಬಿದ್ದರೆ ನಾವು ಏನು ಮಾಡುತ್ತೇವೆ? ಎತ್ತಿ ಒರೆಸಿ ತಟ್ಟೆ ತೆಗೆಯುತ್ತೇವೆ. ನಾನು ಅದನ್ನೇ ಮಾಡಿದೆ. ಹಾವನ್ನು ಎತ್ತಿ ಒರೆಸಿ, ತಟ್ಟೆಯನ್ನು ಹೊರಗಿಟ್ಟೆ. ದಿನಕ್ಕೊಮ್ಮೆ ಅರ್ಧ ಗಂಟೆ ಮಾತ್ರ ಇಡುತ್ತಿದ್ದೆ.

ಪೊರೆ ಬಂತು. ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಅಲ್ಲೊಂದು ಇಲ್ಲೊಂದು ಚೂರು ಉದುರಿತು. ಉಳಿದದ್ದು ಮೈಗೆ ಕಚ್ಚಿಕೊಂಡು ಬೂದಿ ಬಣ್ಣವಾಯಿತು. ಕಣ್ಣುಗಳ ಮೇಲೆ ಹಾಲಿನ ಕೆನೆಯಂಥ ಮಬ್ಬು. ಬಾಲದ ತುದಿಯಲ್ಲಿ ಹಳೆಯ ಚರ್ಮ ಉಂಗುರವಾಗಿ ಬಿಗಿದಿತ್ತು. ಪಕ್ಕೆಗಳಲ್ಲಿ ಸುಕ್ಕು. ದೀಪದ ಕೆಳಗೆ ಎತ್ತಿ ಹಿಡಿದರೂ ಯಾವ ಬಣ್ಣವೂ ಹರಿಯಲಿಲ್ಲ.

ಹವ್ರಾನೆಕ್‌ರ ಫೋನ್ ನಂಬರು ಕಾಗದದ ಮೇಲಿತ್ತು. ಫೋನು ಗೋಡೆಯ ಮೇಲಿತ್ತು. ಮೂರು ಹೆಜ್ಜೆ. ಮಾಡಲಿಲ್ಲ. ಊರವರೆಲ್ಲ ಸಾಯುವ ಮರಿಗಳನ್ನು ತಂದು ಒಪ್ಪಿಸುವ ಲವಾನ್, ಒಂದು ಮೊಳದ ಹಾವನ್ನು ಸಾಕಲಾರದೆ ಬಸ್ ರಿಪೇರಿಯವರನ್ನು ಕೇಳುವುದೇ? ಅದರ ಬದಲು ಕಾರ್ಡು ತೆಗೆದುಕೊಂಡೆ. ‘ಪೊರೆ ಒಂದೇ ತುಂಡಾಗಿ ಬಂತು. ಚೆನ್ನಾಗಿ ತಿನ್ನುತ್ತಿದೆ. ಹೊಲದವರಿಗೆ ಇದೇನು ಕಷ್ಟವಲ್ಲ. ಲವಾನ್ ಟ್ವೇಟ್.’ ಕೊನೆಯ ವಾಕ್ಯ ಬೇಕಿರಲೇ ಇಲ್ಲ. ಸುಳ್ಳು ಒಂಟಿಯಾಗಿ ನಿಲ್ಲಲಾರದೆ ಅದನ್ನು ಜೊತೆಗೆ ಕರೆದುಕೊಂಡಿತು.

ರಸ್ತೆಬದಿಯ ಅಂಚೆ ಪೆಟ್ಟಿಗೆಯಲ್ಲಿ ಹಾಕಿ, ಒಯ್ಯಬೇಕಾದ ಅಂಚೆ ಇದೆ ಎಂಬ ಗುರುತಿಗೆ ಅದರ ಕೆಂಪು ಬಾವುಟ ಎತ್ತಿ ಬಂದೆ.

ಮರುದಿನ ಅಂಚೆಯ ಗಾಡಿ ಪೆಟ್ಟಿಗೆಯ ಹತ್ತಿರ ನಿಲ್ಲದೆ ನೇರ ಅಂಗಳಕ್ಕೇ ಬಂತು. ಅಂಚೆ ಹಂಚುವ ಜೊಲೀನ್ ಇಳಿದಳು. ಹದಿನೆಂಟು ವರ್ಷದಿಂದ ನಮ್ಮ ರಸ್ತೆಗೆ ಬರುವವಳು, ಒಂದು ದಿನವೂ ಅಡಿಗೆಮನೆಗೆ ಕಾಲಿಟ್ಟವಳಲ್ಲ.

“ಕಾರ್ಡು ಓದ್ಬಾರ್ದು, ಗೊತ್ತು,” ಎಂದಳು. “ಆದ್ರೆ ಅದು ತೆರೆದೇ ಇರುತ್ತಲ್ಲ. ಎಮಿಲ್ ಹತ್ರ ಬೋವಾ ತಗೊಂಡಿದ್ದೀರಾ? ನನ್ನ ಮನೇಲಿ ನಾಲ್ಕಿವೆ. ಹನ್ನೊಂದು ವರ್ಷ ಆಯ್ತು. ನಿಮ್ಮ ಚರ್ಚಿನವರಿಗೆ ತಿಳಿದ್ರೆ ಮಾತಾಡಿಸಲ್ಲ ಅಂತ ಬಾಯಿ ಬಿಟ್ಟಿರಲಿಲ್ಲ. ಆ ಪೊರೆ ತೋರ್ಸಿ. ಮರಿಯದು ಇಡಿಯಾಗಿ ಬಂದ್ರೆ ನೋಡೋಕೆ ಬಲು ಚಂದ. ಕಣ್ಣಿನ ಮುಚ್ಚಳ ಸಮೇತ ಇರುತ್ತೆ.”

“ಎಸೆದುಬಿಟ್ಟೆ.”

“ಅಯ್ಯೋ. ಹೋಗ್ಲಿ, ಹಾವನ್ನಾದ್ರೂ ತೋರ್ಸಿ.”

“ಕಾಫಿ ಕುಡೀರಿ ಮೊದಲು.”

“ಕಾಫಿ ಆಮೇಲೆ.”

“ಬಿಸಿ ಇದೆ. ಕುಂಬಳಕಾಯಿ ಬ್ರೆಡ್ಡೂ ಇದೆ.”

ಜೊಲೀನ್ ನನ್ನ ಮುಖ ನೋಡಿದಳು. ನಾನು ಅವಳಿಗೂ ತೊಟ್ಟಿಗೂ ನಡುವೆ ನಿಂತಿದ್ದೆ. ಅವಳು ನನ್ನ ಭುಜದ ಪಕ್ಕದಿಂದ ಬಗ್ಗಿ ನೋಡಿದಳು. 

“ಎಷ್ಟು ದಿನದಿಂದ ಹೀಗಿದೆ?”

“ಹತ್ತು ದಿನ.”

“ನೀರಿನ ಬಟ್ಟಲು ಎಲ್ಲಿ?”

“ತೆಗೆದಿಟ್ಟೆ. ಯಾವಾಗ ನೋಡಿದ್ರೂ ಅದರಲ್ಲೇ ಕೂತಿರ್ತಿತ್ತು. ನೆಂದು ಶೀತ ಆಗುತ್ತೆ ಅಂತ…”

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. “ಲವಾನ್,” ಎಂದಳು ಮೆಲ್ಲಗೆ, “ಅದು ನಿಮ್ಮನ್ನ ಕೇಳ್ತಿತ್ತು. ಮಾತು ಬರಲ್ಲ ನೋಡಿ, ಬಟ್ಟಲಲ್ಲಿ ಕೂತು ಕೇಳ್ತಿತ್ತು.”

ನಾನು ಕುರ್ಚಿಯ ಮೇಲೆ ಕೂತೆ.

ಜೊಲೀನ್ ಗಾಡಿಯಿಂದ ಒಂದು ಪುಟ್ಟ ಗಡಿಯಾರದಂಥದ್ದು ತಂದಳು. ಗಾಳಿಯ ತೇವ, ಬಿಸಿ ಎರಡನ್ನೂ ಅಳೆಯುವುದು. ತನ್ನ ಹಾವುಗಳಿಗೆಂದು ಹೊಸದಾಗಿ ತರಿಸಿದ್ದಂತೆ. ತೊಟ್ಟಿಯಲ್ಲಿಟ್ಟು ಕಾದಳು. ಇಪ್ಪತ್ತೊಂದು. ಬಲ್ಬಿನ ಕೆಳಗೆ ಬಿಸಿ ಮೂವತ್ತಾರು ಡಿಗ್ರಿ.

ಅಷ್ಟರಲ್ಲಿ ಡ್ವೇನ್ ಜೋಳದ ಧೂಳು ಕೊಡವುತ್ತ ಒಳಗೆ ಬಂದ. ಕಥೆ ಕೇಳಿದ. ಒಪ್ಪಲಿಲ್ಲ.

“ಎಂಬತ್ತಾ? ಅದು ತೇವ ಅಲ್ಲ ಜೊಲೀನ್, ಅದು ಮಳೆ. ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತೆ. ನಲವತ್ತು ವರ್ಷ ಇವಳು ಒಂದು ಮರೀನೂ ಒದ್ದೇಲಿ ಮಲಗಿಸಿಲ್ಲ.”

“ಒದ್ದೆ ಅಂತ ನಾನು ಹೇಳಿದ್ನಾ? ತೇವ ಅಂದೆ. ತೇವ ಬೇರೆ, ಒದ್ದೆ ಬೇರೆ.”

“ಎರಡೂ ನೀರೇ.”

“ಜುಲೈಯಲ್ಲಿ ಜೋಳದ ಸಾಲಿನೊಳಗೆ ಹೋಗಿದ್ದೀರಲ್ಲ, ಹೇಗಿರುತ್ತೆ?”

ಡ್ವೇನ್ ಯೋಚಿಸಿದ. “ಉಸಿರು ಕಟ್ಟುತ್ತೆ. ಗರಿಯೆಲ್ಲ ಬೆವರಿದ ಹಾಗಿರುತ್ತೆ. ಶರ್ಟು ಮೈಗೆ ಅಂಟುತ್ತೆ.”

“ಕಾಲಡಿಗೆ ಕೆಸರಿರುತ್ತಾ?”

“ಇಲ್ಲ. ಮಳೆ ಬರದಿದ್ರೆ ನೆಲ ಗಟ್ಟಿಯಾಗೇ ಇರುತ್ತೆ.”

“ಅದೇ. ಇದಕ್ಕೆ ಜುಲೈ ತಿಂಗಳ ಜೋಳದ ಸಾಲು ಬೇಕು. ಗಾಳಿ ಭಾರ, ನೆಲ ಕೊಚ್ಚೆ ಇಲ್ಲ. ನೀವಿಬ್ಬರೂ ಸೇರಿ ನವೆಂಬರ್ ತಿಂಗಳ ಕಣಜ ಕಟ್ಟಿಕೊಟ್ಟಿದ್ದೀರಿ.”

ಡ್ವೇನ್ ಟೋಪಿ ತೆಗೆದ. ತೊಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿದ. “ನಾನು ಅಳೆದು ಕೊಟ್ಟೆ ಬೇರೆ,” ಎಂದು ತನಗೇ ಹೇಳಿಕೊಂಡ.

ಆ ಮಧ್ಯಾಹ್ನ ನಮ್ಮ ರಸ್ತೆಯವರಿಗೆ ಅಂಚೆ ತಡವಾಗಿ ತಲುಪಿತು. ಜೊಲೀನ್ ಮೊದಲು ಬಲ್ಬು ಆರಿಸಿದಳು. ಗಟ್ಟಿಯಾಗಿ ಚಿಲಕ ಬೀಳುವ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಕೇಳಿದಳು. ನಾನು ಸ್ವೆಟರ್ ತುಂಬಿದ್ದ ಡಬ್ಬಿ ಸುರಿದು ಕೊಟ್ಟೆ. ಪಕ್ಕದಲ್ಲಿ ಗಾಳಿಗೆ ಎಂಟು ಹತ್ತು ತೂತು ಮಾತ್ರ. ಈ ಹಾವುಗಳು ಮುಚ್ಚಳ ಎತ್ತಿ ತಪ್ಪಿಸಿಕೊಳ್ಳುವುದರಲ್ಲಿ ಬಲು ಚಾಲಾಕು, ಬೆರಳು ತೂರುವಷ್ಟು ಸಂದಿ ಇದ್ದರೂ ಸಾಕು ಎಂದಳು. ತಳಕ್ಕೆ ಕಾಗದ ಹಾಸಿದಳು. ಒಂದು ಮೂಲೆಯಲ್ಲಿ ಹಿಂಡಿದ ಪಾಚಿ ತುಂಬಿದ ಪುಟ್ಟ ಡಬ್ಬಿ, ಹಾವು ಒಳಗೆ ನುಸುಳಿ ಅಡಗಲು. ಇನ್ನೊಂದು ಮೂಲೆಯಲ್ಲಿ ಇಡೀ ಹಾವು ಮುಳುಗುವಷ್ಟು ದೊಡ್ಡ ನೀರಿನ ಬಟ್ಟಲು. ಡಬ್ಬಿಯ ಮೂರನೇ ಒಂದು ಭಾಗದ ಕೆಳಗೆ ಮಾತ್ರ ಕರೆಂಟಿನಿಂದ ಕಾಯುವ ಬಿಸಿ ಹಾಳೆ, ಅದಕ್ಕೆ ತಾನಾಗಿ ಆರುವ ನಿಯಂತ್ರಕ. ಅವೆರಡನ್ನು ಸಂಜೆ ತನ್ನ ಮನೆಯಿಂದ ತಂದುಕೊಟ್ಟಳು, ತೇವ ಅಳೆಯುವ ಗಡಿಯಾರವನ್ನೂ ಡಬ್ಬಿಯಲ್ಲೇ ಬಿಟ್ಟಳು.

“ಬೆಚ್ಚಗಿನ ಕಡೆ ಇಪ್ಪತ್ತೊಂಬತ್ತು, ತಂಪಿನ ಕಡೆ ಇಪ್ಪತ್ನಾಲ್ಕು. ಮೂವತ್ತೆರಡು ದಾಟಿದ್ರೆ ಇವು ಸಾಯ್ತವೆ. ಕೋಳಿಮರಿ ಅಲ್ಲ ಇದು. ಕೊಳೆ ಮಾಡಿದ ದಿನವೇ ಕಾಗದ ಬದಲಾಯ್ಸಿ. ಗಾಳಿ ಆಡದೆ ಕೊಚ್ಚೆ ಆದ್ರೆ ಹೊಟ್ಟೆ ಕೆಳಗೆ ಹುಣ್ಣು, ಎದೇಲಿ ಕಫ.”

“ಕಣ್ಣಿನ ಮೇಲಿಂದನ್ನ ಚಿಮಟದಲ್ಲಿ ತೆಗೀಲಾ?” ಎಂದೆ.

“ಕೈ ಹಾಕ್ಬೇಡಿ. ಕಣ್ಣೇ ಬರುತ್ತೆ. ಹಾವು ನೋಡೋ ಪಶುವೈದ್ಯರು ಬೇಕು. ದೂರ ಇದೆ, ನಂಬರು ಕೊಡ್ತೀನಿ. ಈ ಸಲ ಫೋನು ಮಾಡ್ತೀರಲ್ಲ?”

ಮಾಡುತ್ತೇನೆ ಎಂದೆ. ಅವಳು ಬಾಗಿಲ ಹತ್ತಿರ ಹೋದಾಗ ಕೇಳಿದೆ, “ಆ ಕಾರ್ಡು ವಾಪಸ್ ಸಿಗುತ್ತಾ?”

“ನಿನ್ನೆಯ ಚೀಲದಲ್ಲೇ ಹೋಯ್ತು. ಇನ್ನೊಂದು ಬರೀರಿ. ಎಮಿಲ್ ಬೈಯೋರಲ್ಲ.”

ಬರೆಯುತ್ತೇನೆ ಎಂದೆ. ಬರೆಯಲಿಲ್ಲ.

ಪಶುವೈದ್ಯೆ ಎರಡು ಕಣ್ಣುಗಳನ್ನೂ ಉಳಿಸಿದರು. ಬಾಲದ ತುದಿ ಉಳಿಯಲಿಲ್ಲ. ಉಂಗುರ ಬಿಗಿದು ರಕ್ತ ನಿಂತು, ಒಂದು ಉಗುರಿನಷ್ಟು ಕಪ್ಪಾಗಿ ಬಿದ್ದುಹೋಯಿತು. ಅದು ಮತ್ತೆ ಬೆಳೆಯುವುದಿಲ್ಲ. ಹಾವು ಆರು ವಾರದ ಮೇಲೆ ತಿಂದಿತು, ಕರಗಿಸಿ ಬೆಚ್ಚಗೆ ಮಾಡಿದ ಇಲಿಮರಿ, ಅದರ ಮೈಯ ದಪ್ಪಕ್ಕಿಂತ ದೊಡ್ಡದಲ್ಲದ್ದು. ಹೆಪ್ಪುಗಟ್ಟಿದ ಇಲಿಗಳ ಡಬ್ಬಿಯನ್ನು ಜೊಲೀನ್ ಬಾಗಿಲಿಗೇ ತಂದುಕೊಡುತ್ತಿದ್ದಳು. ಡ್ವೇನ್ ಅದನ್ನು ಐಸ್‌ಕ್ರೀಮಿನ ಪಕ್ಕ ಇಡಬಾರದು ಎಂದು ತಕರಾರು ಮಾಡಿ, ತಾನೇ ಹೋಗಿ ಅದಕ್ಕೆಂದೇ ಸಣ್ಣ ಫ್ರೀಜರ್ ಪೆಟ್ಟಿಗೆ ತಂದ.

ಜನವರಿಯಲ್ಲಿ ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿದ್ದಾಗ ಎರಡನೇ ಪೊರೆ ಬಿಟ್ಟಿತು. ಒಂದೇ ತುಂಡು, ಒಳಮೈ ಹೊರಗಾಗಿ ಕಳಚಿದ ಕಾಲುಚೀಲದ ಹಾಗೆ. ಡ್ವೇನ್ ಟಾರ್ಚು ತಂದು ಹಿಡಿದ. ಮೊಂಡು ಬಾಲದವರೆಗೆ ನೀಲಿ, ಹಸಿರು, ನೇರಳೆ ಹರಿಯಿತು.

“ನೀರಿಲ್ಲದೆ ಕಾಮನಬಿಲ್ಲು ಬರ್ಬೇಕು ಅಂತ ನಾವು ಕಾಯ್ತಾ ಇದ್ವಲ್ಲ,” ಎಂದ ಅವನು. “ನಾನು ಹೊಲ ಮಾಡೋನು ಬೇರೆ.”

ಆಮೇಲೆ ಅವನು ಪ್ರತಿ ಬೆಳಿಗ್ಗೆ ಕಾಫಿಯ ಮುಂಚೆ ಡಬ್ಬಿಯ ಮುಳ್ಳು ನೋಡಿ ಕೂಗಿ ಹೇಳತೊಡಗಿದ. “ಹಗ್ಗ ಎಂಬತ್ತೆರಡು.” ಅದರ ಹೆಸರೇ ಹಗ್ಗ ಎಂದಾಯಿತು.

ಮಾರ್ಚಿನಲ್ಲಿ ಮೇಳ ಮತ್ತೆ ಬಂತು. ನಾನು ಪೈ ಮಾಡಿಕೊಂಡು ಹೋದೆ. ಹವ್ರಾನೆಕ್‌ರಿಗೆ ನಿಜ ಹೇಳಿಬಿಡಬೇಕೆಂದು ಅವರ ಮೇಜಿನ ಕಡೆ ನಡೆದೆ. ಹತ್ತು ಹೆಜ್ಜೆ ದೂರದಲ್ಲಿ ನಿಂತೆ. ಅವರ ಹಿಂದಿನ ಹಲಗೆಯ ಮೇಲೆ ನನ್ನ ಕಾರ್ಡನ್ನು ಗುಂಡುಪಿನ್ನಿನಿಂದ ಚುಚ್ಚಿ ಹಾಕಿದ್ದರು. ಎಲ್ಲಕ್ಕಿಂತ ಮೇಲೆ.

ಮುಂದೆ ಗಂಡ ಹೆಂಡತಿ ನಿಂತಿದ್ದರು. ಹೆಂಡತಿಗೆ ಮೂವತ್ತಿರಬಹುದು, ಹಾಲು ಕರೆಯುವವರ ಒಡೆದ ಬೆರಳುಗಳು. ಅವಳು ಕಾರ್ಡನ್ನು ಗಟ್ಟಿಯಾಗಿ ಓದಿದಳು. “‘ಹೊಲದವರಿಗೆ ಇದೇನು ಕಷ್ಟವಲ್ಲ.’ ನೋಡು, ಇವಳೂ ಹೊಸಬಳೇ. ಇವಳ ಕೈಲಿ ಆಗೋದಾದ್ರೆ ನನ್ನ ಕೈಲೂ ಆಗುತ್ತೆ.” ಹವ್ರಾನೆಕ್ ಮನೆ ಸಿದ್ಧವಿದೆಯೇ ಎಂದು ಕೇಳಿದರು. ಅವಳು ಹೂಂ ಎಂದಳು. ನನಗೆ ಆ ಹೂಂ ಗುರುತಾಯಿತು. ಅವರು ಮರಿಯ ಡಬ್ಬಿಯನ್ನು ಅವಳ ಕೈಗೆ ಕೊಟ್ಟರು.

ನಾನು ತಿರುಗಿ ಊಟದ ಅಂಗಡಿಗೆ ಬಂದು ಪಾತ್ರೆ ತೊಳೆದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಅರ್ಧ ಗಂಟೆಗೆ ಆ ಇಬ್ಬರೂ ನನ್ನ ಮುಂದೆಯೇ ಬಂದು ಕೂತರು. ಸಾಸಿವೆ ಗೊಜ್ಜಿನ ಬಾಟಲಿಯ ಪಕ್ಕದಲ್ಲಿ ಹಾವಿನ ಡಬ್ಬಿ ಇಟ್ಟರು. ಪೈ ಕೇಳಿದರು. ಕೊಟ್ಟೆ.

“ಎಲ್ಲಿ ಇಡ್ತೀರಿ ಇದನ್ನ?” ಎಂದು ಕೇಳಿದೆ.

“ಗಾಜಿನ ತೊಟ್ಟಿ ಇದೆ. ಕರು ಗೂಡಿನ ಬಲ್ಬಿದೆ. ಒಣಹುಲ್ಲಿಗೆ ನಮ್ಮಲ್ಲಿ ಬರ ಇಲ್ಲ,” ಎಂದಳು ನಗುತ್ತ. “ಬೆಚ್ಚಗಿಟ್ಟು ಒಣಗಿಸಿಟ್ರೆ ಯಾವ ಮರಿ ತಾನೇ ಬದುಕಲ್ಲ?”

ನನ್ನದೇ ಮಾತು, ಅವಳ ಬಾಯಲ್ಲಿ. ಕಾಫಿ ಪಾತ್ರೆಯನ್ನು ಕೆಳಗಿಟ್ಟೆ.

“ಆ ಹಲಗೆ ಮೇಲಿನ ಕಾರ್ಡು ಬರೆದವಳು ನಾನೇ. ಅದು ಸುಳ್ಳು. ಪೊರೆ ಚೂರುಚೂರಾಗಿ ಬಂತು. ನನ್ನ ಹಾವಿಗೆ ಬಾಲದ ತುದಿ ಇಲ್ಲ. ನಾನು ಅದರ ನೀರು ಕಿತ್ಕೊಂಡಿದ್ದೆ.”

ಅವಳು ಚಮಚ ಕೆಳಗಿಟ್ಟಳು. ಪಕ್ಕದಲ್ಲಿ ಚರ್ಚಿನ ಹೆಂಗಸರು ಇತ್ತ ತಿರುಗಿದರು.

“ಮತ್ತೆ ಯಾಕೆ ಹಾಗೆ ಬರೆದ್ರಿ?”

“ನಾಚಿಕೆಗೆ.”

“ಈಗ ನಾಚಿಕೆ ಇಲ್ವಾ?”

“ಇದೆ. ಆವತ್ತಿಗಿಂತ ಜಾಸ್ತಿ ಇದೆ.”

ಅವಳ ಗಂಡ ನನ್ನನ್ನು ನೋಡದೆ ಡಬ್ಬಿಯ ಮುಚ್ಚಳ ಸರಿಯಾಗಿದೆಯೇ ಎಂದು ಒತ್ತಿ ನೋಡಿದ. ಮೂವರೂ ಹವ್ರಾನೆಕ್‌ರ ಮೇಜಿಗೆ ಹೋದೆವು. ನಾನು ಏಪ್ರನ್ ಬಿಚ್ಚುವುದನ್ನೂ ಮರೆತಿದ್ದೆ. ಅವರು ಎಲ್ಲವನ್ನೂ ಕೇಳಿದರು. ಆ ದಂಪತಿಯ ಡಬ್ಬಿ ಹಿಂದಕ್ಕೆ ತೆಗೆದುಕೊಂಡು ಅವರ ಹೆಸರು ಬರೆದು ಪಕ್ಕಕ್ಕಿಟ್ಟರು. “ಎರಡು ವಾರ ಖಾಲಿ ಮನೆ ನಡೆಸಿ. ಮುಳ್ಳು ಎಂಬತ್ತರಲ್ಲಿ ನಿಂತ್ರೆ ಬನ್ನಿ. ಇದು ನಿಮ್ಮದೇ.” ಆಮೇಲೆ ನನ್ನ ಕಾರ್ಡಿನ ಗುಂಡುಪಿನ್ನು ಕಿತ್ತರು.

“ಇದನ್ನ ನಾನು ಎಲ್ಲರಿಗೂ ಓದಿ ಹೇಳ್ತಿದ್ದೆ, ಮಿಸೆಸ್ ಟ್ವೇಟ್,” ಎಂದರು. ಅಷ್ಟೇ. ದನಿ ಏರಿಸಲಿಲ್ಲ. ಕಾರ್ಡನ್ನು ನನ್ನ ಕೈಯಲ್ಲಿಟ್ಟರು.

“ಎಷ್ಟು ಜನಕ್ಕೆ?”

ಪುಸ್ತಕ ತೆರೆದು ಎಣಿಸಿದರು. ಹನ್ನೊಂದು ಜನ ಆ ಕಾರ್ಡು ಓದಿದ ಮೇಲೆ ಮರಿ ಕೊಂಡಿದ್ದರು.

ನಾನು ವಿಳಾಸಗಳನ್ನು ಬರೆದುಕೊಂಡು ಬಂದೆ. ಹನ್ನೊಂದು ಕಾರ್ಡು ಬರೆದು ಬಾವುಟ ಎತ್ತಿದೆ. ಜೊಲೀನ್ ಎಲ್ಲವನ್ನೂ ಓದಿದಳು, ಓದಿದೆ ಎಂದು ಹೇಳಿಯೂ ಹೇಳಿದಳು. ಇಲ್ಲಿಯವರೆಗೆ ಒಂಬತ್ತು ಉತ್ತರ ಬಂದಿವೆ. ಏಳು ಹಾವು ಚೆನ್ನಾಗಿವೆ. ಎರಡಕ್ಕೆ ತಡವಾಗಿ ನೀರು ಸಿಕ್ಕಿತು, ಆದರೆ ಸಿಕ್ಕಿತು. ಇನ್ನಿಬ್ಬರು ಬರೆದಿಲ್ಲ.

ಹವ್ರಾನೆಕ್ ಇನ್ನು ಮುಂದೆ ಪ್ರತಿ ಮರಿಯ ಜೊತೆಗೂ ನಾನು ಬರೆದ ಈ ಕಾಗದವನ್ನೂ ಕೊಡುತ್ತೇನೆ ಎಂದರು. ಅದಕ್ಕೇ ಇದು ನಿಮ್ಮ ಕೈಯಲ್ಲಿದೆ. ಇದನ್ನು ಬ್ರೆಡ್ಡಿನ ಡಬ್ಬಿಯ ಕೆಳಗೆ ಇಡಬೇಡಿ.

ನೀವು ಎಂಥ ಜೀವವನ್ನು ಸಾಕಿ ಗೆದ್ದವರಾದರೂ ಸರಿ, ಈ ಜೀವಕ್ಕೆ ನೀವು ಹೊಸಬರು. ಕೊಳ್ಳುವ ಮುನ್ನ ಎಲ್ಲಿ ಹುಟ್ಟಿತು, ಏನು ತಿಂದಿತು ಎಂದು ಕೇಳಿ, ಹೇಳಲಾರದವರ ಹತ್ತಿರ ಕೊಳ್ಳಬೇಡಿ. ಮನೆ ಸಿದ್ಧವಿಲ್ಲದಿದ್ದರೆ ಸಿದ್ಧವಿಲ್ಲ ಎನ್ನಿ, ಖಾಲಿ ಕೈಯಲ್ಲಿ ಹಿಂದಿರುಗುವುದರಲ್ಲಿ ಅವಮಾನವೇನಿಲ್ಲ. ಡಬ್ಬಿಯೊಳಗೆ ಜುಲೈ ತಿಂಗಳ ಜೋಳದ ಸಾಲು ಇರಲಿ. ಹಾವು ನೀರಲ್ಲೇ ಕೂತಿದ್ದರೆ ನೀರು ತೆಗೆಯಬೇಡಿ, ಮುಳ್ಳು ನೋಡಿ. ಗೊತ್ತಾಗದಿದ್ದರೆ ಫೋನು ಮಾಡಿ. ಮೂರು ಹೆಜ್ಜೆ ಅಷ್ಟೇ.

ಈ ಕಾಗದದ ಜೊತೆ ಒಂದು ಖಾಲಿ ಕಾರ್ಡಿದೆ. ಪೊರೆ ಇಡಿಯಾಗಿ ಬಂದರೆ ಇಡಿಯಾಗಿ ಬಂತು ಎಂದು ಬರೆಯಿರಿ. ಚೂರುಚೂರಾಗಿ ಬಂದರೆ ಚೂರುಚೂರಾಗಿ ಬಂತು ಎಂದೇ ಬರೆಯಿರಿ.

ಇನ್ನೂ ಉತ್ತರ ಬರೆಯದ ಆ ಇಬ್ಬರ ಹೆಸರು ನನ್ನ ಅಡಿಗೆಮನೆಯ ಗೋಡೆಯ ಮೇಲೆ, ಫೋನಿನ ಪಕ್ಕದಲ್ಲಿದೆ. ದಿನಾ ಬೆಳಿಗ್ಗೆ ಅಂಚೆ ಪೆಟ್ಟಿಗೆಯವರೆಗೆ ನಡೆದು ಹೋಗಿ ಬರುತ್ತೇನೆ.